ಗುಡಿಯಮ್ಮ ಕೇಳಿದ ಪುಸ್ತಕದ ಹೆಸರು

ತಪ್ಪು ನನ್ನದೇ. ಶಿಹೊ ಕಾದಿರಿಸಿದ್ದ ಪುಸ್ತಕ ನಾನು ನೋಡಿಕೊಳ್ಳುವ ಗ್ರಂಥಾಲಯಕ್ಕೆ ಬಂತೆಂದು ಬೆಳಿಗ್ಗೆ ಅವಳ ಮನೆಗೆ ಫೋನ್ ಮಾಡಿದೆ. ಎತ್ತಿದವರು ಅವಳ ಅತ್ತೆ ಮಿಸಾವೊ. ನಮ್ಮೂರಿನ ಬೌದ್ಧ ಗುಡಿಯ ಗುರುಗಳ ಹೆಂಡತಿಯಾದ್ದರಿಂದ ಊರಿಗೆಲ್ಲ ಅವರು ಗುಡಿಯಮ್ಮ. ಪುಸ್ತಕ ಬಂದಿದೆ, ಸೊಸೆಗೆ ತಿಳಿಸಿ ಎಂದಷ್ಟೇ ಹೇಳಿ ಇಟ್ಟೆ. ಯಾರು ಏನು ಓದುತ್ತಾರೆಂದು ಮನೆಯವರಿಗೂ ಹೇಳಬಾರದೆಂಬುದು ನಮ್ಮ ನೇಮ. ಹೆಸರು ಹೇಳಲಿಲ್ಲವಲ್ಲ ಎಂದುಕೊಂಡೆ. ಪುಸ್ತಕ ಬಂದಿದೆಯೆಂಬ ಸುದ್ದಿಯೇ ಅವರ ಕುತೂಹಲ ಕೆರಳಿಸಲು ಸಾಕೆಂದು ಹೊಳೆಯಲಿಲ್ಲ.

ಅರ್ಧ ಗಂಟೆಯಲ್ಲಿ ಗುಡಿಯಮ್ಮ ಬಂದೇಬಿಟ್ಟರು, ಕೈಯಲ್ಲಿ ಪರ್ಸಿಮನ್ ಹಣ್ಣಿನ ಗಂಟು. ಸೊಸೆಗೆ ಬಿಡುವಿಲ್ಲ, ತಾನೇ ಒಯ್ಯುತ್ತೇನೆಂದರು. ಗ್ರಂಥಾಲಯ ನಿಂತಿರುವುದು ಗುಡಿಯ ಜಾಗದಲ್ಲಿ. ನನ್ನ ತಾಯಿಯ ತಿಥಿಗೆ ಅಡುಗೆ ಮಾಡಿ ಬಡಿಸಿದವರೂ ಅವರೇ. ಇಲ್ಲವೆನ್ನಲು ನಾಲಿಗೆ ಏಳದು. ಆ ಪುಸ್ತಕ ಯಾವುದೆಂದು ನಿಮಗೂ ಹೇಳಲಾರೆ. ಹೆಸರು ಅತ್ತೆಯ ಕಿವಿಗೆ ಬಿದ್ದರೆ ಶಿಹೊ ಆ ಮನೆಯಲ್ಲಿ ತಲೆಯೆತ್ತಿ ಬಾಳಲಾರಳು, ಅಷ್ಟೇ. ಪುಸ್ತಕವನ್ನು ಮಡಿಲಲ್ಲಿ ಬೋರಲಾಗಿ ಇಟ್ಟುಕೊಂಡೆ.

“ಹೋಗ್ಲಿ, ಹೆಸ್ರಾದ್ರೂ ಹೇಳೇ ತೊಮೊಎ. ನಮ್ಮನೆ ಹುಡ್ಗಿ ಏನೋದ್ತಾಳೆ ಅಂತ ನಂಗೆ ಗೊತ್ತಾಗ್ಬಾರ್ದಾ?”

“ಅವಳನ್ನೇ ಕೇಳ್ಬೇಕು ಗುಡಿಯಮ್ಮ. ನಾನು ಹೇಳೋ ಹಾಗಿಲ್ಲ.”

“ಬುದ್ಧನೇ ಬಂದು ಕೇಳಿದ್ರೆ?”

“ಅವನು ಕೇಳೋದೇ ಇಲ್ವಲ್ಲ.”

ಚಳಿಗೆಂದು ಹಚ್ಚಿದ್ದ ಒಲೆಯ ಪಕ್ಕ ಪೇಪರು ಹಿಡಿದೇ ನಿದ್ದೆಹೋಗಿದ್ದ ಮುದುಕನತ್ತ ಗುಡಿಯಮ್ಮ ನೋಡಿದರು. ಆಮೇಲೆ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದರು.

“ಹಾಗಾದ್ರೆ ನಾನೊಂದು ಪುಸ್ತಕ ಓದೋಕೆ ಒಯ್ದ್ರೆ ಅದ್ನೂ ಯಾರ್ಗೂ ಹೇಳಲ್ವಾ? ನಮ್ಮೆಜಮಾನ್ರಿಗೂ?”

“ಅವ್ರಿಗೂ ಇಲ್ಲ.”

ನಲವತ್ತು ವರ್ಷ ಬೌದ್ಧ ಸೂತ್ರಗಳನ್ನಲ್ಲದೆ ಬೇರೇನನ್ನೂ ಅವರು ಓದಿದ್ದನ್ನು ಊರು ಕಂಡಿರಲಿಲ್ಲ. ಅವರ ಹೆಸರಿಗೊಂದು ಸದಸ್ಯತ್ವದ ಚೀಟಿ ಬರೆದುಕೊಟ್ಟೆ. ಬಹಳ ಹೊತ್ತು ಕಪಾಟುಗಳ ನಡುವೆ ಓಡಾಡಿ ಒಂದು ಪುಸ್ತಕವನ್ನು ಎದೆಗವಚಿಕೊಂಡು ಬಂದರು. ಹಣ್ಣುಗಳನ್ನು ನನ್ನ ಮೇಜಿಗೆ ಸುರಿದು, ಅದೇ ಬಟ್ಟೆಯಲ್ಲಿ ಪುಸ್ತಕ ಸುತ್ತಿ ಒಯ್ದರು.

ಮಧ್ಯಾಹ್ನ ಶಿಹೊ ಓಡುತ್ತ ಬಂದಳು, ಮುಖದಲ್ಲಿ ರಕ್ತವಿಲ್ಲ. ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಾರಂತೆ, ಊಟಕ್ಕೂ ಎದ್ದಿಲ್ಲವಂತೆ. ಫೋನ್ ಮಾಡಿದ್ದಕ್ಕೆ ಬಾಗಿ ಕ್ಷಮೆ ಕೇಳಿದೆ. ಅವರು ಬಂದು ಕೇಳಿದರು, ನಾನು ಹೇಳಲಿಲ್ಲ ಎಂದೆ.

“ಮತ್ತೆ ಯಾಕಕ್ಕಾ ಅಷ್ಟು ಕೋಪ ಅವ್ರಿಗೆ?”

“ಅದು ಕೋಪ ಅಲ್ಲ ಶಿಹೊ.” ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು. ಹಿಡಿದಿದ್ದ ಉಸಿರು ಮೆಲ್ಲಗೆ ಹೊರಬಿತ್ತು. ಪುಸ್ತಕ ತೆಗೆದುಕೊಂಡವಳು ಚೀಲಕ್ಕೆ ಹಾಕಲಿಲ್ಲ. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮಂಡಿ ಮಡಚಿ ಕೂತು, ಮೊದಲ ಪುಟ ತೆರೆದಳು.