ಮೂರನೇ ಸಾಲಿನ ವಾಲ್ವುಗಳು

"ಮೂರನೇ ಸಾಲಿನ ವಾಲ್ವುಗಳನ್ನೆಲ್ಲ ಬದಲಾಯಿಸ್ಬೇಕು. ಇಪ್ಪತ್ತು ನಿಮಿಷ ಕೊಡಿ," ಎಂದಳು ತೈಸಿಯಾ ಗ್ಲೆಬೊವ್ನಾ. ಕ್ಷಿಪಣಿಗೆ ದಾರಿ ಲೆಕ್ಕಹಾಕುವ, ಗಾಜಿನ ವಾಲ್ವುಗಳಿಂದ ನಡೆಯುವ ಗಣಕಯಂತ್ರದ ಹೊಣೆ ಅವಳದು.

ಪ್ರಯೋಗದ ಮುಖ್ಯಸ್ಥ ರೋದಿಯೋನ್ ಕಾರ್ಪೊವಿಚ್ ಗಡಿಯಾರ ನೋಡಿದ. ಪಶ್ಚಿಮದಲ್ಲಿ, ಸಾವಿರಾರು ಕಿಲೋಮೀಟರ್ ಆಚೆ, ಗುರಿಯಾಗಲೆಂದೇ ತಮ್ಮದೇ ಒಂದು ಕ್ಷಿಪಣಿ ಹಾರಲು ಸಿದ್ಧವಾಗಿತ್ತು. ಅದು ಮರುಭೂಮಿಯ ನಡುವಿನ ಈ ಬಾಲ್ಖಾಷ್ ಸರೋವರದತ್ತ ಇಳಿಯುವಾಗ ಇಲ್ಲಿಂದ ಇನ್ನೊಂದನ್ನು ಹಾರಿಸಿ ಆಕಾಶದಲ್ಲೇ ಒಡೆಯಬೇಕು. ಹನ್ನೆರಡು ಸಲ ಗುರಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಕೆಲಸವನ್ನೇ ನಿಲ್ಲಿಸುವುದೆಂದು ಮಾಸ್ಕೋದಿಂದ ಬಂದ ಜನರಲ್ ಆಗಲೇ ಹೇಳಿದ್ದ.

"ಪರೀಕ್ಷೆ ಲೆಕ್ಕಕ್ಕೆ ಯಂತ್ರ ನಲವತ್ತು ಸಲ ಸರಿ ಉತ್ತರ ಕೊಟ್ಟಿದೆಯಲ್ಲ. ಎರಡು ಸಲ ತಪ್ಪಿದ್ದಕ್ಕೆ ಇಷ್ಟು ಹಠವೇ?"

"ಬರೋ ಕ್ಷಿಪಣಿ ಒಂದೇ ಸಲ ಬರುತ್ತೆ, ರೋದಿಯೋನ್ ಕಾರ್ಪೊವಿಚ್."

ಅವನು ನಿಟ್ಟುಸಿರುಬಿಟ್ಟು, ಅದನ್ನು ಜನರಲ್‌ಗೆ ನೀವೇ ಹೇಳಿ ಎಂದ. ಅವಳು ಹೋಗಿ ಹೇಳಿದಳು. ಚಹಾ ಕುಡಿಯುತ್ತಿದ್ದ ಜನರಲ್, ಹೆಂಗಸರಿಗೆ ಕೊನೇ ಗಳಿಗೆಯಲ್ಲಿ ಭಯ ಸಹಜ ಎಂದು ನಕ್ಕ.

ತೈಸಿಯಾ ನಗಲಿಲ್ಲ. ಯುದ್ಧಕಾಲದ ಮುತ್ತಿಗೆಯ ಚಳಿಗಾಲದಲ್ಲಿ ಅವಳಿಗೆ ಹದಿನಾಲ್ಕು ವರ್ಷ. ಲೆನಿನ್‌ಗ್ರಾದಿನ ಮಹಡಿಯೊಂದರ ಮೇಲೆ ನಿಂತು, ಬಿದ್ದ ಬೆಂಕಿಬಾಂಬುಗಳನ್ನು ಇಕ್ಕಳದಲ್ಲಿ ಹಿಡಿದು ಮರಳಿಗೆ ಹಾಕುತ್ತಿದ್ದಳು. ಒಂದು ರಾತ್ರಿ ಎದುರು ಮನೆಯ ಮೇಲೆ ಬಿದ್ದ ದೊಡ್ಡ ಬಾಂಬಿಗೆ ಇಕ್ಕಳ ಸಾಲಲಿಲ್ಲ. ಅವಳ ಅಕ್ಕ ಆ ಮನೆಯಲ್ಲಿದ್ದಳು.

"ಬಿದ್ದ ಮೇಲೆ ಆರಿಸಿ ನೋಡಿದೀನಿ," ಎಂದಳು. "ಬೀಳೋಕೆ ಮುಂಚೆ ತಡೆಯೋದಕ್ಕೇ ಈ ಮರುಭೂಮಿಗೆ ಬಂದದ್ದು. ತಡವಾದದ್ದು ನನ್ನಿಂದ ಅಂತ ಬರ್ಕೊಳ್ಳಿ, ಸಹಿ ಹಾಕ್ತೀನಿ."

ಜನರಲ್ ಲೋಟ ಕೆಳಗಿಟ್ಟು ಕಾಗದ ತರಿಸಿದ. ಅವಳು ಸಹಿ ಹಾಕಿದಳು.

ಯಂತ್ರ ಆರುವಷ್ಟು ಹೊತ್ತು ಕಾಯುವಂತಿರಲಿಲ್ಲ. ಬಿಸಿ ವಾಲ್ವುಗಳನ್ನು ಕರವಸ್ತ್ರ ಸುತ್ತಿ ಕಿತ್ತಳು, ಬೆರಳುಗಳಲ್ಲಿ ಬೊಬ್ಬೆ ಎದ್ದವು. ಎಪ್ಪತ್ತೊಂದನೆಯದು ಹೊರನೋಟಕ್ಕೆ ಚೆನ್ನಾಗಿಯೇ ಇತ್ತು, ಅಲುಗಿಸಿದರೆ ಒಳಗೆ ಏನೋ ಸಣ್ಣಗೆ ಗಲಗಲ ಎಂದಿತು. ಅದನ್ನು ಯಾರಿಗೂ ತೋರಿಸದೆ ಜೇಬಿಗೆ ಹಾಕಿಕೊಂಡು ಮುಂದಿನದಕ್ಕೆ ಕೈಯಿಟ್ಟಳು.

ಮಧ್ಯಾಹ್ನ ಕ್ಷಿಪಣಿ ಹೊರಟಿತು. ರಾಡಾರ್ ಅದನ್ನು ಹಿಡಿಯಿತು. ಇಲ್ಲಿಂದಲೂ ಒಂದು ಮೇಲೇರಿತು. ಯಂತ್ರ ಒಮ್ಮೆಯೂ ತೊದಲದೆ ದಾರಿ ಹೇಳುತ್ತ ಹೋಯಿತು. ಆಮೇಲೆ ಪರದೆಯ ಮೇಲೆ ಬರುತ್ತಿದ್ದ ಕ್ಷಿಪಣಿಯ ಚುಕ್ಕೆ ಚೂರುಚೂರಾಗಿ ಚದುರಿತು.

ಎಲ್ಲರೂ ಕೂಗುತ್ತ ಹೊರಗೆ ಓಡಿದರು. ರೋದಿಯೋನ್ ಕಾರ್ಪೊವಿಚ್ ಅಳುತ್ತಿದ್ದ. ಬನ್ನಿ ಎಂದು ಅವಳನ್ನೂ ಕರೆದ. ಯಂತ್ರವನ್ನು ಆರಿಸಿ ಬರುತ್ತೇನೆಂದಳು. ಸಾಲುಸಾಲಾಗಿ ಗುಂಡಿ ಒತ್ತುತ್ತ ಬಂದಂತೆ ತಿಂಗಳುಗಳಿಂದ ನಿಲ್ಲದಿದ್ದ ಗುಂಯ್‌ಗುಡುವಿಕೆ ತಗ್ಗುತ್ತ ಬಂದು, ನಿಂತಿತು.

ತೆರೆದ ಬಾಗಿಲಿನಾಚೆ, ದೂರದಲ್ಲಿ, ಚಳಿಗಾಲವಿಡೀ ಹೆಪ್ಪುಗಟ್ಟಿದ್ದ ಸರೋವರದ ಮಂಜುಗಡ್ಡೆ ಬಿರಿಯುವ ಸದ್ದು ಕೇಳಿಸಿತು.