ಕಾಲರಿನೊಳಗಿನ ಪಟ್ಟಿ

“ಮಾವ, ಇಲ್ಲಿ ನಂದೊಂದು ಬಿಳಿ ಪಟ್ಟಿ ಇತ್ತು, ನೋಡಿದ್ರಾ? ಕೆಂಪು, ಕಪ್ಪು ಹೊಲಿಗೆ ಹಾಕಿದ್ದು.”

ಟೈಲರ್ ಮಾಸ್ಟರರ ಕತ್ತರಿ ನಿಂತಿತು. ಅವರ ಅಂಗಡಿಯಲ್ಲಿ ಚೂರು ಬಟ್ಟೆಯನ್ನೂ ಎಸೆಯುವ ಪದ್ಧತಿಯಿಲ್ಲ. ಯಾರೋ ಕೈ ಪಳಗಲೆಂದು ಹಾಕಿದ ಹೊಲಿಗೆಯೆಂದುಕೊಂಡು ಬೆಳಿಗ್ಗೆಯೇ ಅದನ್ನು ಕೋಟೊಂದರ ಕಾಲರಿಗೆ ಒಳಪಟ್ಟಿಯಾಗಿ ಹಾಕಿಬಿಟ್ಟಿದ್ದರು.

“ಏನಿತ್ತಮ್ಮ ಅದ್ರಲ್ಲಿ?”

“ನನ್ನ ತಲೆನೋವು” ಎಂದು, ಅಂಗಡಿಯಲ್ಲಿ ಕಾಜಾ-ಗುಂಡಿಯ ಕೆಲಸ ಮಾಡುವ ತಂಗಿಯ ಮಗಳು ನಕ್ಕಳು. “ಡಾಕ್ಟ್ರು ದಿನಾ ಬರ್ದಿಡು ಅಂದಿದ್ರು. ಪೆನ್ನು ಹುಡುಕೋರ್ಯಾರು, ಸೂಜಿ ಕೈಲೇ ಇರುತ್ತೆ. ನೋವು ಬಂದ ದಿನ ಕೆಂಪು, ಬೆರಳು ಜೋಮು ಹಿಡಿದ್ರೆ ಕಪ್ಪು. ನಾಳೆ ಅದನ್ನ ನೋಡಿ, ಇನ್ನೊಂದು ಕಡೆಗೂ ಆಪರೇಷನ್ ಬೇಕಾ ಅಂತ ಹೇಳ್ತಾರೆ.”

ಮಿದುಳಿಗೆ ಹೋಗುವ ರಕ್ತನಾಳಗಳು ಸಣ್ಣಗಾಗುತ್ತ ಹೋಗುವ ಕಾಯಿಲೆ ಅವಳದು, ಲಕ್ಷಕ್ಕೊಬ್ಬರಿಗೆ ಬರುವಂಥದ್ದು. ಹೋದ ವರ್ಷ ಒಂದು ಕಡೆ ಆಪರೇಷನ್ ಆಗಿತ್ತು. ಬಿಕ್ಕಿ ಅಳುವಂತಿಲ್ಲ, ಉಸಿರು ಏರಿದರೆ ತಲೆಗೆ ರಕ್ತ ಸಾಲುವುದಿಲ್ಲ. ಇನ್ನೊಬ್ಬರಾಗಿದ್ದರೆ ಈಗ ಅಂಗಡಿ ಹಾರಿಹೋಗುವಂತೆ ಅಳುತ್ತಿದ್ದರು. ಅವಳು ಒಂದು ಲೋಟ ನೀರು ಕುಡಿದು, ಮಷೀನಿನ ಕೆಳಗೆ ಬಗ್ಗಿ ಹುಡುಕತೊಡಗಿದಳು.

“ಏಳು, ಅಲ್ಲಿಲ್ಲ. ಈ ಕಾಲರೊಳಗಿದೆ” ಎಂದು ಮಾಸ್ಟರು ಕೋಟನ್ನು ಎಳೆದುಕೊಂಡರು.

“ಅಯ್ಯೋ ಮಾವ, ಸಂಜೆ ಗಿರಾಕಿ ಬರ್ತಾರೆ.”

“ಬರ್ಲಿ. ಸ್ಟೂಲ್ ಇದೆ, ಕೂತ್ಕೊಳ್ತಾರೆ.”

ಒಂದೊಂದೇ ಹೊಲಿಗೆ ಬಿಚ್ಚಿ ಪಟ್ಟಿಯನ್ನು ಹೊರಗೆಳೆದರು. ವಾರಕ್ಕೊಂದು ಸಾಲು, ನೋವಿಲ್ಲದ ದಿನಕ್ಕೆ ಖಾಲಿ ಜಾಗ. ಒಂದು ಸಾಲಿನಲ್ಲಿ ಮೂರು ಕಪ್ಪು ಒತ್ತೊತ್ತಾಗಿದ್ದವು.

“ಇದು ಯಾವಾಗಿಂದು?”

“ಬ್ಯಾಂಡಿನವರ ಕೋಟು ಬಂದಿತ್ತಲ್ಲ, ಆ ವಾರ.”

ಮಾಸ್ಟರಿಗೆ ನೆನಪಾಯಿತು. ಕೆಲಸ ರಾಶಿ ಬಿದ್ದಿದ್ದಾಗ ಇವಳು ಸುಮ್ಮನೆ ಕೂತಿದ್ದಳು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಎಲ್ಲರೆದುರು ಆಡಿಕೊಂಡಿದ್ದರು.

“ಅವತ್ತು ಹೇಳೋದಲ್ವಾ?”

“ತಲೆನೋವು ಅಂದೆ. ಯಾರಿಗಿಲ್ಲ ಅಂದ್ರಿ. ಬೆರಳಿಗೆ ಸ್ಪರ್ಶ ಬರೋವರೆಗೂ ಕಾದು, ಆಮೇಲೆ ಕಾಜಾ ಹಾಕ್ದೆ.”

ಆ ಕೋಟುಗಳ ಕಾಜಾಗಳನ್ನು ಅವರೇ ಗುಂಡಿ ಹಾಕಿ ನೋಡಿದ್ದರು. ಒಂದೂ ಸೊಟ್ಟಗಿರಲಿಲ್ಲ. ನಲವತ್ತು ವರ್ಷದ ಕಸುಬಿನಲ್ಲಿ ಅಂಥ ಕಾಜಾ ತಮ್ಮ ಕೈಯಿಂದಲೂ ಬಂದಿರಲಿಲ್ಲ.

ಅವರು ಪಟ್ಟಿಗೆ ಹದವಾಗಿ ಇಸ್ತ್ರಿ ಹಾಕಿದರು.

“ಇವತ್ತಿಂದು ಹಾಕಿದ್ಯಾ?”

“ಇನ್ನೂ ಇಲ್ಲ.”

“ಯಾವ ಬಣ್ಣ?”

ಅವಳು ಹಣೆಯಂಚನ್ನು ಒತ್ತಿಕೊಂಡಳು. “ಕೆಂಪು.”

ಮಾಸ್ಟರು ಕನ್ನಡಕ ಸರಿಮಾಡಿಕೊಂಡು, ಕೆಂಪು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಗೆ ಪೋಣಿಸಿ ಅವಳತ್ತ ಹಿಡಿದರು.