ಹೆಪ್ಪಿನ ಬಟ್ಟಲಲ್ಲಿ ಮಾತ್ರೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಭದ್ರಾವತಿಯ ಆ ಹೊಳೆದಂಡೆಯ ಕೇರಿಯಲ್ಲಿ ಚಿಂತೆಗೇನೂ ಬರವಿರಲಿಲ್ಲ, ನಿದ್ದೆಗೇ ಬರ. ಎರಡು ವರ್ಷದ ಹಿಂದೆ ಭದ್ರೆ ಮನೆಯೊಳಗೆ ನುಗ್ಗಿ ಹೋದಮೇಲೆ, ಹಂಚಿನ ಮೇಲೆ ನಾಲ್ಕು ಹನಿ ಬಿದ್ದರೂ ಸಫೂರಾ ಎದ್ದು ಹೊಸಿಲು ಮುಟ್ಟಿ ನೋಡುತ್ತಿದ್ದಳು. ಒಣಗಿದೆ ಎಂದು ಗೊತ್ತಾದರೂ ಮತ್ತೊಮ್ಮೆ ಮುಟ್ಟುತ್ತಿದ್ದಳು.

ಶಿವಮೊಗ್ಗದ ಡಾಕ್ಟರು ಅವಳಿಗೆ ನಿದ್ದೆಯ ಮಾತ್ರೆ ಬರೆದುಕೊಟ್ಟಿದ್ದರು. ಪಕ್ಕದ ಮನೆಯ ಶಾಂತಮ್ಮನಿಗೂ ಅದೇ ಕಾಟ. ಆದರೆ ಆಸ್ಪತ್ರೆ ಎಂದರೆ ಮಗಳ ಮದುವೆಯ ನೆಪ ಹೇಳುತ್ತಿದ್ದಳು. "ತಲೆ ಡಾಕ್ಟ್ರ ಹತ್ರ ಹೋದ್ರೆ ನಮ್ಮ ಲಿಖಿತಾನ್ನ ಯಾರು ಮಾಡ್ಕೊಳ್ತಾರೆ ಮಾರಾಯ್ತಿ?"

ಆ ಕೇರಿಯಲ್ಲಿ ಹೆಪ್ಪು ಕೇಳಿದವರಿಗೆ ಇಲ್ಲವೆಂದ ಹೆಂಗಸೇ ಇಲ್ಲ. ಸಂಜೆ ಶಾಂತಮ್ಮನ ಬಟ್ಟಲು ಹೆಪ್ಪಿಗೆ ಬಂದರೆ, ಸಫೂರಾ ತನ್ನ ಮಾತ್ರೆಯನ್ನೂ ಮುರಿದು ಅರ್ಧವನ್ನು ಕಾಗದದಲ್ಲಿ ಸುತ್ತಿ ಅದರ ಜೊತೆಗೇ ಕೊಡುತ್ತಿದ್ದಳು. ಅರ್ಧಕ್ಕೆ ಇಬ್ಬರಿಗೂ ಕಣ್ಣು ಹತ್ತಲಿಲ್ಲ.

"ಕೊಟ್ಟಿದ್ದೆಲ್ಲ ತಗೊಳ್ತಿದೀರಾ?" ಎಂದು ಮುಂದಿನ ಸಲ ಹೋದಾಗ ಡಾಕ್ಟರು ಕೇಳಿದರು.

"ಹೂಂ ಸಾರ್, ಒಂದೂ ಬಿಟ್ಟಿಲ್ಲ" ಎಂದಳು ಸಫೂರಾ.

ಪಾಪ, ಅವರು ನಂಬಿ ಮಾತ್ರೆಯ ಪವರು ಹೆಚ್ಚಿಸಿದರು. ಇನ್ನು ಇಬ್ಬರಿಗೂ ಸಾಕಾಗುತ್ತದೆ ಎಂದು ಇವಳಿಗೆ ಒಳಗೊಳಗೇ ಸಮಾಧಾನ. ಎಂಥ ಜಾಣತನ ನೋಡಿ!

ಆಷಾಢದ ಜಡಿಮಳೆ ಹಿಡಿದ ಒಂದು ಬೆಳಿಗ್ಗೆ ಶಾಂತಮ್ಮ ಹಿತ್ತಲಿಂದಲೇ ಕೂಗಿದಳು. "ಈ ಸದ್ದಿಗೆ ಎದೆ ಡವಡವ ಅಂತಿದೆ ಕಣೆ. ಇವತ್ತು ಮುರೀಬೇಡ, ಇಡೀ ಎರಡು ಕೊಡು. ಒಂದು ರಾತ್ರಿಗಿರ್ಲಿ." ಸಫೂರಾ ಕೊಟ್ಟಳು. ಎರಡನ್ನೂ ಒಟ್ಟಿಗೇ ನುಂಗುತ್ತಾಳೆ ಎಂದು ಅವಳು ಯೋಚಿಸಲಿಲ್ಲ.

ಮಧ್ಯಾಹ್ನ ಮೈಕು ಕಟ್ಟಿದ ಆಟೋ ಬಂತು. ಡ್ಯಾಮಿನಿಂದ ನೀರು ಬಿಡುತ್ತಾರೆ, ದಂಡೆಯವರೆಲ್ಲ ಶಾಲೆಗೆ ಹೋಗಿ ಎಂದು ಸಾರಿತು. ಕೇರಿ ಗಂಟುಮೂಟೆ ಕಟ್ಟಿ ಓಡಿತು. ಶಾಲೆಯ ಜಗಲಿಯಲ್ಲಿ ಎಲ್ಲರೂ ಇದ್ದರು, ಶಾಂತಮ್ಮ ಮಾತ್ರ ಇರಲಿಲ್ಲ. ಲಿಖಿತಾ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗೆ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿ ಎಬ್ಬಿಸುವವರು ಯಾರೂ ಇಲ್ಲ. ಸಫೂರಾಳಿಗೆ ಬೆಳಗಿನ ಎರಡು ಮಾತ್ರೆ ನೆನಪಾದವು.

ಗ್ಯಾರೇಜಿನಿಂದ ಆಗಷ್ಟೇ ಬಂದಿದ್ದ ಮಗ ಮೊಹ್ಸಿನ್‌ನನ್ನು ಎಳೆದುಕೊಂಡು ಓಡಿದಳು. ಮುಂಬಾಗಿಲಿಗೆ ಒಳಚಿಲಕ. ಹೋದ ಸಲದ ಹೊಳೆ ಮುರಿದ ಹಿತ್ತಲ ಬಾಗಿಲಿಗೆ ಬರೀ ಹಗ್ಗ ಕಟ್ಟಿರುವುದು ಅವಳಿಗೆ ಗೊತ್ತು. ಅದನ್ನು ಕಿತ್ತು ಒಳನುಗ್ಗಿದರೆ, ಮಂಚದ ಕೆಳಗೆ ನೀರು, ನೀರಿನಲ್ಲಿ ಒಂಟಿ ಚಪ್ಪಲಿ, ಮೇಲೆ ಶಾಂತಮ್ಮನ ಗೊರಕೆ. ಕೂಗಿದರೂ ಕೆನ್ನೆಗೆ ತಟ್ಟಿದರೂ ಏಳಲಿಲ್ಲ. ತಾಯಿ ಮಗ ಸೇರಿ ಅವಳನ್ನು ಹೊತ್ತು ತಂದರು.

ಶಾಲೆಯಲ್ಲಿದ್ದ ನರ್ಸು ನಾಡಿ ಹಿಡಿದು ಕೇಳಿದರು, "ಏನು ತಗೊಂಡಿದಾರೆ ಇವ್ರು?"

ಇಡೀ ಕೇರಿ ಸುತ್ತ ನಿಂತಿತ್ತು. ಬಾಯಿ ಬಿಟ್ಟರೆ ಶಾಂತಮ್ಮನ ಗುಟ್ಟು ಬೀದಿಗೆ ಬೀಳುತ್ತದೆ, ಮಗಳ ಸಂಬಂಧ ಕೆಡಬಹುದು. ಬಿಡದಿದ್ದರೆ ಶಾಂತಮ್ಮನೇ ಉಳಿಯಲಿಕ್ಕಿಲ್ಲ.

"ನಿದ್ದೆ ಮಾತ್ರೆ ಸಿಸ್ಟರ್. ನಂದು. ದಿನಾ ನಾನೇ ಕೊಡ್ತಿದ್ದೆ. ಇವತ್ತು ಎರಡು ಕೊಟ್ಟೆ."

ನರ್ಸು ಬೈಯುತ್ತಲೇ ಆಂಬುಲೆನ್ಸಿಗೆ ಫೋನು ಹಚ್ಚಿದರು. ಶಾಂತಮ್ಮ ಅರೆಗಣ್ಣು ತೆರೆದು ತೊದಲಿದಳು. "ಊರಿಗೆಲ್ಲ ಹೇಳ್ಬಿಟ್ಯಲ್ಲೇ..."

"ಹೇಳ್ದೆ ಶಾಂತಕ್ಕಾ" ಎಂದು ಸಫೂರಾ ಅತ್ತೇಬಿಟ್ಟಳು. "ನನ್ನ ಬೈಯೋಕಾದ್ರೂ ನೀನು ಇರ್ಬೇಕಲ್ಲ."

ಮೂಲೆಮನೆಯ ಪುಷ್ಪಮ್ಮ ಎದ್ದು ಬಂದು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮಾತ್ರೆಯ ಪಟ್ಟಿಯನ್ನು ನರ್ಸಿನ ಕೈಗಿಟ್ಟಳು.

"ಇದೂ ಒಂಚೂರು ನೋಡಿ ಸಿಸ್ಟರ್. ನಮ್ಮ ನಾದಿನಿದು. ಹೋದ ಸಲ ಹೊಳೆ ಬಂದಾಗಿಂದ ನಾನು ನುಂಗ್ತಿದೀನಿ."

ಅವಳ ಹಿಂದೆ ವೀರಮ್ಮನೂ ಸೆರಗಿನ ಗಂಟು ಬಿಚ್ಚತೊಡಗಿದಳು.